ಒಂದು ಗೇಟು, ಎರಡು ಬೀಗ

“ಮೂವತ್ತು ಶಾಲೇಲಿ ಹದಿನೈದು ಶಾಲೆಯ ಅಂಕ ಕದ್ದ ಮಾಲು, ದೋನ್ಯಾ! ನೀವೇ ನೋಡಿ!”

ಮಕ್ಕಳ ಓದಿನ ಯೋಜನೆ ನಡೆಸುವ ಡಾಕ್ಟರ್ ಅರಿವಿಯಾಗ ಮೇಜಿನ ಮೇಲೆ ದೊಡ್ಡ ಹಾಳೆಯೊಂದನ್ನು ಹರಡಿದರು. ಹಾಳೆಯ ತುಂಬ ಚುಕ್ಕೆಗಳು. ಒಂದೊಂದು ಚುಕ್ಕೆ ಒಂದೊಂದು ಶಾಲೆ. ಆದರೆ ಒಂದೂ ಒಂಟಿಯಾಗಿರಲಿಲ್ಲ. ಎರಡೆರಡಾಗಿ, ಒಂದಕ್ಕೊಂದು ಅಂಟಿಕೊಂಡು ಕೂತಿದ್ದವು.

ಆ ಮೂವತ್ತು ಶಾಲೆಗೂ ಹೋಗಿ, ಮೂರನೇ ತರಗತಿಯ ಮಕ್ಕಳನ್ನು ಎದುರಿಗೆ ಕೂರಿಸಿಕೊಂಡು, ಓದಿಸಿ, ಅಂಕ ಹಾಕಿದವಳು ಒಬ್ಬಳೇ— ನಿಕೊಲಾಸಾ ಬಾಟ್ಸ್. ಅವಳ ಮಗನಿಗೆ ಚರ್ಚಿನಲ್ಲಿ ಹೆಸರಿಡುವಾಗ ಎತ್ತಿಕೊಂಡು ನಿಂತವನು ನಾನು. ನಮ್ಮಲ್ಲಿ ಅದು ರಕ್ತಸಂಬಂಧಕ್ಕಿಂತ ಒಂದು ಕೈ ಮೇಲು. ಅವಳು ನನ್ನನ್ನು ಕಂಪಾದ್ರೆ ಎನ್ನುತ್ತಾಳೆ, ನಾನು ಅವಳನ್ನು ಕೊಮಾದ್ರೆ ಎನ್ನುತ್ತೇನೆ.

ನಾನು ಸಿರಿಯಾಕೊ ತ್ಸುಲ್. ದೋನ್ಯಾ ಒಬ್ದುಲಿಯಾ ಶಿಕಾರಾ ಅವರ ಕಾರು ಓಡಿಸುವುದು, ಕಂಪ್ಯೂಟರ್ ಹೊರುವುದು, ಬೈಸಿಕೊಳ್ಳುವುದು— ಮೂರೂ ನನ್ನ ಕೆಲಸ. ದೋನ್ಯಾ— ಹಿರಿಯ ಹೆಂಗಸರನ್ನು ನಾವು ಮರ್ಯಾದೆಯಿಂದ ಹಾಗೆ ಕರೆಯುತ್ತೇವೆ— ಶೇಲಾ ಪಟ್ಟಣದ ವಿಶ್ವವಿದ್ಯಾಲಯದಲ್ಲಿ ಸಂಖ್ಯಾಶಾಸ್ತ್ರ ಕಲಿಸಿ ನಿವೃತ್ತರಾದವರು. ಎಲ್ಲಾದರೂ ಅಂಕಿಅಂಶ ಸುಳ್ಳು ಹೇಳುತ್ತಿದೆ ಎಂಬ ಅನುಮಾನ ಬಂದರೆ ಇವರಿಗೆ ಕರೆ ಬರುತ್ತದೆ. ಎಪ್ಪತ್ತು ದಾಟಿದ್ದರೂ ನಾಲಿಗೆಗೆ ವಯಸ್ಸಾಗಿಲ್ಲ.

“ನನ್ನಿಂದ ಏನಾಗಬೇಕು, ಡಾಕ್ಟರೇ?” ದೋನ್ಯಾ ಬ್ರೆಡ್ಡಿನ ತುಂಡನ್ನು ಕಾಫಿಯಲ್ಲಿ ಅದ್ದುತ್ತ ಕೇಳಿದರು.

“ಒಂದು ಸಹಿ. ಅಷ್ಟೇ.” ಡಾಕ್ಟರ್ ಇನ್ನೊಂದು ಕಾಗದ ಮುಂದಿಟ್ಟರು. “ಪರೀಕ್ಷೆ ಮಾಡಿದ ನಿಕೊಲಾಸಾ ಬಾಟ್ಸ್ ಎಂಬಾಕೆ ಅರ್ಧ ಶಾಲೆಗಳಿಗೆ ಹೋಗದೆ, ಮನೇಲಿ ಕೂತು ಅಂಕ ತುಂಬಿದ್ದಾಳೆ ಅಂತ. ಹೊರಗಿನ ತಜ್ಞರ ಸಹಿ ಇದ್ರೆ ಹಣ ಕೊಟ್ಟ ಸಂಸ್ಥೆ ಒಪ್ಪುತ್ತೆ. ಇವತ್ತು ಸಂಜೆ ಕಳಿಸಬೇಕು. ಇದರ ಪ್ರತಿ ಪೊಲೀಸರಿಗೂ ಹೋಗುತ್ತೆ.”

ಪೊಲೀಸರಿಗೆ! ಬರುವ ಜನವರಿಯಲ್ಲಿ ನಿಕೊಲಾಸಾಳ ಊರಿನವರು ಅವಳ ಕೈಗೆ ಮುಖಂಡರ ಕೋಲು ಕೊಡುವವರಿದ್ದರು. ಆ ಕೋಲಿಗೆ ಸಂಬಳವಿಲ್ಲ, ಇರುವುದು ಮರ್ಯಾದೆಯೊಂದೇ. ಸುಳ್ಳಿ ಎಂಬ ಹೆಸರು ಬಿದ್ದರೆ ಕೋಲು ಹಾಗಿರಲಿ, ಸಂತೆಯಲ್ಲಿ ಅವಳನ್ನು ಮಾತಾಡಿಸುವವರೂ ಇರುವುದಿಲ್ಲ. ತೊತೊನಿಕಪಾನ್ ಬೆಟ್ಟದಲ್ಲಿ ಮಾತು ಬಸ್ಸಿಗಿಂತ ಬೇಗ ಊರು ಸೇರುತ್ತದೆ.

ದೋನ್ಯಾ ಸಹಿ ಹಾಕಲಿಲ್ಲ. “ಈ ಜೋಡಿಗಳನ್ನ ಕಂಡುಹಿಡಿದಿದ್ದು ಯಾರು?”

“ನಾನೇ,” ಎಂದು ಮೂಲೆಯಲ್ಲಿದ್ದ ಹೆರ್ಸೊನ್ ಮೆರಿದಾ ಕುರ್ಚಿ ಎಳೆದುಕೊಂಡು ಬಂದ. ಯೋಜನೆಯ ಕಂಪ್ಯೂಟರ್ ನೋಡಿಕೊಳ್ಳುವವನು. ಅರೆಬೋಳು ತಲೆ, ಎದೆಯುಬ್ಬಿಸಿದ ನಿಲುವು. “ಏಳನೇ ನಂಬರ್ ಶಾಲೆ ನೋಡಿ. ಮಕ್ಕಳು ಅಕ್ಷರ ಚೆನ್ನಾಗಿ ಓದ್ತಾರೆ, ಉದ್ದ ಪದ ಬಂದ್ರೆ ಎಡವ್ತಾರೆ, ಕಥೆ ಅರ್ಥ ಕೇಳಿದ್ರೆ ಮತ್ತೆ ಜೋರು. ಇಪ್ಪತ್ತೆರಡನೇ ನಂಬರ್ ನೋಡಿ— ಅದೇ ಹಾಡು. ಮೂವತ್ತೂ ಶಾಲೆ ಹೀಗೇ, ಜೋಡಿ ಜೋಡಿ. ನಾನು ಇದನ್ನ ಹಣ ಕೊಟ್ಟವರಿಗೂ ಮೇಲ್ ಮಾಡಿಬಿಟ್ಟೆ.”

“ಡಾಕ್ಟರನ್ನ ಕೇಳಿ ಮಾಡಿದ್ಯಾ?”

“ಕಣ್ಣಿಗೆ ರಾಚೋ ಹಾಗಿತ್ತು, ದೋನ್ಯಾ. ಕೇಳೋದೇನು?”

ಡಾಕ್ಟರ್ ನಕ್ಕರು. ನಗು ಅರ್ಧದಲ್ಲೇ ನಿಂತಿತು.

“ಏಳು ಅಂದ್ರೆ ಯಾವ ಊರು? ಇಪ್ಪತ್ತೆರಡು ಯಾವ ಊರು?”

“ನಂಗೆ ಗೊತ್ತಿಲ್ಲ. ನನ್ನ ಹತ್ರ ಬರೋದು ನಂಬರ್ ಮಾತ್ರ.”

“ಮಕ್ಕಳ ಗುಟ್ಟು ಕಾಪಾಡಬೇಕಲ್ಲ,” ಡಾಕ್ಟರ್ ನಡುವೆ ಬಾಯಿ ಹಾಕಿದರು. “ಯಾವ ನಂಬರ್ ಯಾವ ಶಾಲೆ ಅನ್ನೋದು ನನ್ನೊಬ್ಬನ ಹತ್ರ ಇರುತ್ತೆ. ನಿಯಮ.”

“ಒಳ್ಳೆ ನಿಯಮ. ಹೆರ್ಸೊನ್, ಮಗು ಮಗುವಿನ ಅಂಕವೂ ಹೊಂದುತ್ತಾ? ಏಳರ ಮೊದಲನೇ ಮಗುವಿನದು, ಇಪ್ಪತ್ತೆರಡರ ಯಾವುದಾದ್ರೂ ಮಗುವಿನದು?”

“ಇಲ್ಲ. ಮಕ್ಕಳದು ಬೇರೆ ಬೇರೆ. ತರಗತಿ ಇಡಿಯಾಗಿ ನೋಡಿದ್ರೆ ಮಾತ್ರ ಒಂದೇ. ಅದೇ ಅವಳ ಚಾಲಾಕಿ, ಗೊತ್ತಾಗದ ಹಾಗೆ ಅಲ್ಲಿಷ್ಟು ಇಲ್ಲಿಷ್ಟು ತಿದ್ದಿದ್ದಾಳೆ.”

“ಆರುನೂರು ಮಕ್ಕಳ ಅಂಕ ಒಂದೊಂದಾಗಿ ತಿದ್ದಿ, ಕೊನೆಗೆ ತರಗತಿ ಮಾತ್ರ ಹೊಂದೋ ಹಾಗೆ ಮಾಡೋದಾ? ಅಷ್ಟು ಕಷ್ಟಪಡೋ ಬದಲು ಶಾಲೆಗೇ ಹೋಗಿ ಬರಬಹುದಿತ್ತಲ್ಲೋ.”

ಹೆರ್ಸೊನ್ ಮುಖ ಸಣ್ಣದಾಯಿತು. ನನ್ನಲ್ಲಿ ಒಂದು ಹನಿ ಧೈರ್ಯ ಬಂತು.

“ಯೋಜನೆ ಸಿಕ್ಕಿದ ಶಾಲೆ ಎಷ್ಟು, ಸಿಗದ್ದು ಎಷ್ಟು?”

ಯೋಜನೆ ಎಂದರೆ ಓದು ಕಲಿಸುವ ಒಂದು ಹೊಸ ವಿಧಾನ. ಕೆಲವು ಶಾಲೆಗಳಿಗೆ ಅದನ್ನು ಕೊಟ್ಟು, ಉಳಿದವನ್ನು ಮೊದಲಿನಂತೆಯೇ ಬಿಟ್ಟು, ವರ್ಷದ ಕೊನೆಗೆ ಎರಡನ್ನೂ ಹೋಲಿಸಬೇಕು. ಯಾವ ಶಾಲೆಗೆ ಕೊಡುವುದು ಎಂಬುದನ್ನು ಚೀಟಿ ಎತ್ತಿ ತೀರ್ಮಾನಿಸಬೇಕು.

“ಸಿಕ್ಕಿದ್ದು ಹದಿನಾರು. ಸಿಗದ್ದು ಹದಿನಾಲ್ಕು,” ಎಂದ ಹೆರ್ಸೊನ್.

“ಮೂವತ್ತನ್ನ ಎರಡು ಪಾಲು ಮಾಡು ಅಂದ್ರೆ ನಮ್ಮ ಸಿರಿಯಾಕೊನೂ ಹದಿನೈದು ಹದಿನೈದು ಅಂತಾನೆ.”

“ಚೀಟಿ ಅಲ್ವಾ ದೋನ್ಯಾ, ಒಂದು ಹೆಚ್ಚು, ಒಂದು ಕಮ್ಮಿ,” ಡಾಕ್ಟರ್ ಕೈಯಾಡಿಸಿದರು. “ನಾನೇ ಎತ್ತಿದ್ದು. ಕಂಪ್ಯೂಟರಿನಲ್ಲಿ.”

“ಜೋಡಿಯಲ್ಲಿ ಒಂದಕ್ಕೆ ಯೋಜನೆ ಸಿಕ್ಕಿ ಇನ್ನೊಂದಕ್ಕೆ ಸಿಗದೇ ಇದ್ದದ್ದು ಎಷ್ಟಿದೆ?”

ಹೆರ್ಸೊನ್ ಹಾಳೆಯ ಮೇಲೆ ಬೆರಳಾಡಿಸಿದ. “ಒಂದೂ ಇಲ್ಲ.” ತಕ್ಷಣ ಅವನ ಕಣ್ಣು ಹೊಳೆಯಿತು. “ನೋಡಿದ್ರಾ? ಯಾರಿಗೆ ಸಿಕ್ಕಿದೆ, ಯಾರಿಗೆ ಸಿಕ್ಕಿಲ್ಲ ಅಂತ ನೋಡ್ಕೊಂಡೇ ನಕಲು ಹೊಡೆದಿದ್ದಾಳೆ!”

ನನ್ನ ಆ ಒಂದು ಹನಿ ಧೈರ್ಯವೂ ಅಲ್ಲೇ ಆವಿಯಾಯಿತು.

ನಿಕೊಲಾಸಾ ಕಚೇರಿಯ ಹಿಂದಿನ ಅಡುಗೆಕೋಣೆಯಲ್ಲಿ, ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಿದ್ದಳು. ಹಬ್ಬಕ್ಕೆ ತೊಡುವ ಕಸೂತಿ ಕುಪ್ಪಸ ತೊಟ್ಟು ಬಂದಿದ್ದಳು. ಮುಂದಿನ ಕೆಲಸ ಕೊಡಲು ಕರೆದಿದ್ದಾರೆ ಎಂದುಕೊಂಡು ಬಂದವಳು ಅವಳು. ನನ್ನನ್ನು ನೋಡಿ ಮುಖ ತಿರುಗಿಸಿದಳು.

“ನೀನು ಎಲ್ಲ ಶಾಲೆಗೂ ಹೋಗಿದ್ಯಾ?” ದೋನ್ಯಾ ನೇರವಾಗಿ ಕೇಳಿದರು.

“ಹೋಗಿದ್ದೀನಿ.”

“ಯಾವುದರಲ್ಲಿ?”

“ಬಸ್ಸಲ್ಲಿ. ಬಸ್ಸಿಲ್ಲದ ಕಡೆ ಕಾಲಲ್ಲಿ. ಇನ್ಯಾವುದರಲ್ಲಿ, ವಿಮಾನದಲ್ಲಾ?”

“ದಿನಕ್ಕೆ ಎಷ್ಟು ಶಾಲೆ?”

“ಎರಡು. ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು.”

“ಕೇಳಿದ್ರಾ!” ಬಾಗಿಲಲ್ಲಿ ಡಾಕ್ಟರ್ ನಿಂತಿದ್ದರು. ಯಾವಾಗ ಬಂದರೋ! “ಆ ಬೆಟ್ಟದ ರಸ್ತೇಲಿ ದಿನಕ್ಕೆ ಎರಡು ಶಾಲೆ! ನಮ್ಮ ಜೀಪೇ ಒಂದು ಶಾಲೆ ಮುಟ್ಟೋಷ್ಟರಲ್ಲಿ ಅರ್ಧ ದಿನ ಹೋಗುತ್ತೆ. ಇವಳು ಬಸ್ಸಲ್ಲಿ ಹೋಗಿ ಎರಡೆರಡು ಮುಗಿಸಿದಳಂತೆ!”

ನಿಕೊಲಾಸಾ ಎದ್ದು ನಿಂತಳು. ಕೆನ್ನೆ ಕೆಂಪಾಗಿತ್ತು. “ನೀವು ನನ್ನನ್ನ—”

“ಕೂತ್ಕೋ,” ಎಂದರು ದೋನ್ಯಾ. ದನಿ ಎಷ್ಟು ಗಡುಸಾಗಿತ್ತೆಂದರೆ ನಾನೂ ಕೂರಲು ಜಾಗ ಹುಡುಕಿದೆ. “ಇನ್ನೊಂದು ಮಾತೂ ಆಡಬೇಡ. ಆಡಿದ್ರೆ ನಿನಗೇ ನಷ್ಟ. ಡಾಕ್ಟರೇ, ನೀವು ಹೋಗಿ, ಸಹಿಗೆ ಒಳ್ಳೆ ಪೆನ್ನು ಹುಡುಕಿಡಿ. ನನ್ನದು ಸೋರುತ್ತೆ.”

ಡಾಕ್ಟರ್ ಸಮಾಧಾನದಿಂದ ಹೊರಟರು. ದೋನ್ಯಾ ನಿಕೊಲಾಸಾಳ ಕಿವಿಯ ಹತ್ತಿರ ಬಗ್ಗಿ ಏನೋ ಕೇಳಿದರು. ಅವಳು ಒಂದೇ ಪದದ ಉತ್ತರ ಕೊಟ್ಟಳು. ಅಲ್ಲಿಂದ ದೋನ್ಯಾ ಹೆರ್ಸೊನ್ ಬಳಿ ಹೋಗಿ, ಶಾಲೆಗೆ ಹೋದದ್ದಕ್ಕೆ ಗುರುತಾಗಿ ನಿಕೊಲಾಸಾ ತೆಗೆಯಬೇಕಿದ್ದ ಫೋಟೊಗಳನ್ನು ಕೇಳಿದರು. ಮಕ್ಕಳ ಮುಖ ಬರಬಾರದೆಂಬ ನಿಯಮವಿದ್ದುದರಿಂದ ಎಲ್ಲ ಖಾಲಿ ತರಗತಿಗಳದೇ ಫೋಟೊ. ಎದುರಿಗೆ ಕರಿಹಲಗೆ, ಕೆಳಗೆ ನಂಬರ್.

ಏಳನೆಯದನ್ನೂ ಇಪ್ಪತ್ತೆರಡನೆಯದನ್ನೂ ಅಕ್ಕಪಕ್ಕ ಇಟ್ಟು ದೋನ್ಯಾ ಬಹಳ ಹೊತ್ತು ನೋಡಿದರು.

“ಏನು ಕಾಣುತ್ತೆ, ಸಿರಿಯಾಕೊ?”

“ಹಲಗೆ, ದೋನ್ಯಾ.”

“ಹಲಗೆ ಮೇಲೆ?”

“ನಡುವೆ ಒಂದು ಗೆರೆ. ಒಂದು ಪಕ್ಕ ಜೋಳದ ಗಿಡದ ಚಿತ್ರ, ಇನ್ನೊಂದು ಪಕ್ಕ ಗುಣಾಕಾರ. ‘ಅಳಿಸಬೇಡಿ’ ಅಂತ ಬರೆದಿದೆ. ಎಲ್ಲ ಶಾಲೆ ಹಲಗೆನೂ ಹಾಗೇ ಅಲ್ವಾ?”

“ಹೌದು,” ಎಂದರು ದೋನ್ಯಾ. “ಎಲ್ಲರೂ ಹಾಗೇ ಅಂದ್ಕೊಂಡಿದ್ದಾರೆ. ಕಾರು ತೆಗಿ.”

ದಾರಿಯುದ್ದಕ್ಕೂ ನಾನು ಗಡಿಯಾರ ನೋಡುತ್ತಿದ್ದೆ. ಈ ಮುದುಕಿ ಬೆಟ್ಟ ಸುತ್ತುತ್ತ ಕೂತರೆ ಸಂಜೆಯೊಳಗೆ ವಾಪಸ್ಸು ಹೇಗೆ? ಅದಕ್ಕಿಂತ ದೊಡ್ಡ ಹೆದರಿಕೆ ಇನ್ನೊಂದಿತ್ತು. ಪರೀಕ್ಷೆಯ ಆ ದಿನಗಳಲ್ಲಿ ನಿಕೊಲಾಸಾಳ ತಾಯಿ ಆಸ್ಪತ್ರೆಯಲ್ಲಿದ್ದಳು. ನಾನೇ ಎಷ್ಟೋ ಸಲ ಅಟೋಲೆ ಗಂಜಿ ತೆಗೆದುಕೊಂಡು ಹೋಗಿದ್ದೆ. ಹಗಲೆಲ್ಲ ಬೆಟ್ಟದಲ್ಲಿ ಎರಡೆರಡು ಶಾಲೆ, ಸಂಜೆ ಆಸ್ಪತ್ರೆ— ಮನುಷ್ಯಳಿಂದ ಆಗುವ ಕೆಲಸವೇ? ಅವಳು ಕೈಸೋತು ಒಂದೆರಡು ಕಡೆ... ಛೆ! ಆ ಯೋಚನೆಯನ್ನು ನಾನು ನೂಕಿದಷ್ಟೂ ಅದು ಹತ್ತಿರ ಬಂದು ಕೂತಿತು.

ಬಾಯಿ ಸುಮ್ಮನಿರಲಾರದೆ ಕೇಳಿದೆ. “ದೋನ್ಯಾ, ಮೂವತ್ತೇ ಯಾಕೆ? ಇಪ್ಪತ್ತು ಶಾಲೆ ಸಾಕಾಗ್ತಿರಲಿಲ್ವಾ?”

“ನಿಮ್ಮ ಮನೇಲಿ ಹುರುಳಿ ಬೇಯಿಸ್ತಾರಲ್ಲ. ಒಂದು ಮಡಕೆಯಿಂದ ಇಪ್ಪತ್ತು ಚಮಚ ತಗೊಂಡು ರುಚಿ ನೋಡಿದೆ ಅನ್ಕೋ. ಉಪ್ಪು ಹೆಚ್ಚು. ಆಗ ಇಡೀ ಊರಿನ ಹುರುಳಿಗೆ ಉಪ್ಪು ಹೆಚ್ಚು ಅಂತ ಹೇಳ್ತೀಯಾ?”

“ಇಲ್ಲ. ಆ ಮಡಕೆಗೆ ಮಾತ್ರ.”

“ಇಪ್ಪತ್ತರ ಬದಲು ಇನ್ನೂರು ಚಮಚ ನೋಡಿದ್ರೆ?”

“ಆಗಲೂ ಅದೇ ಮಡಕೆ ತಾನೇ?”

“ಅದೇ. ಮಗು ಅಂದ್ರೆ ಚಮಚ, ಶಾಲೆ ಅಂದ್ರೆ ಮಡಕೆ. ಒಂದೇ ಟೀಚರ್ ಹತ್ರ ಕಲಿತ ಮಕ್ಕಳು ಒಂದೇ ಥರ ಓದ್ತಾರೆ, ಒಂದೇ ಥರ ತಪ್ಪು ಮಾಡ್ತಾರೆ. ಹಾಗಾಗಿ ಚಮಚ ಹೆಚ್ಚಿಸಿದ್ರೆ ಬರೋ ಲಾಭ ಅಷ್ಟಕ್ಕಷ್ಟೇ. ಮಡಕೆ ಹೆಚ್ಚಬೇಕು. ಈ ಯೋಜನೆಯಿಂದ ಆಗೋ ಲಾಭ ದೊಡ್ಡದಲ್ಲ, ಸಣ್ಣದು. ಸಣ್ಣದನ್ನ ನೋಡೋಕೆ ಕನ್ನಡಕಕ್ಕೆ ಪವರ್ ಬೇಕಲ್ಲ? ಲೆಕ್ಕಕ್ಕೂ ಹಾಗೇ ಪವರ್ ಅಂತ ಇದೆ. ಮೂವತ್ತು ಶಾಲೆ ಇದ್ರೆ ಆ ಪವರ್ ಬರುತ್ತೆ. ಅದಕ್ಕಿಂತ ಕಮ್ಮಿ ಇದ್ರೆ ದುಡ್ಡು ಕೊಡಲ್ಲ ಅಂತ ಆ ಸಂಸ್ಥೆಯವರು ಮೊದಲೇ ಹೇಳಿದ್ರು.”

“ಈಗ ಅರ್ಧ ಸುಳ್ಳು ಅಂದ್ರೆ?”

“ಅದಕ್ಕೇ ಹೇಳ್ತಿದ್ದೀನಿ, ಜೋರಾಗಿ ಓಡಿಸು.”

ನಿಕೊಲಾಸಾ ದೋನ್ಯಾರ ಕಿವಿಯಲ್ಲಿ ಹೇಳಿದ್ದ ಹೆಸರು ಪಾಚುಲ್. ಮೊದಲ ದಿನ ಅವಳು ಹೋಗಿದ್ದ ಊರು. ನಾವು ಮುಟ್ಟುವಾಗ ಮಧ್ಯಾಹ್ನದ ಬಿಸಿಲು ನೆತ್ತಿಗೆ ಬಂದಿತ್ತು. ಶಾಲೆಯ ಗೇಟಿನಿಂದ ಒಂದು ಹಿಂಡು ಮಕ್ಕಳು ಕಿರುಚುತ್ತ ಹೊರಬರುತ್ತಿದ್ದರು. ಇನ್ನೊಂದು ಹಿಂಡು ತಲೆ ಬಾಚಿಕೊಂಡು ಒಳಗೆ ಹೋಗಲು ಕಾಯುತ್ತಿತ್ತು. ಎರಡೂ ಹಿಂಡು ಒಂದನ್ನೊಂದು ಅಣಕಿಸುತ್ತಿದ್ದವು.

ದೋನ್ಯಾ ಮಕ್ಕಳನ್ನು ನೋಡಲಿಲ್ಲ. ಗೇಟಿನ ಸರಪಳಿಯನ್ನು ಕೈಗೆತ್ತಿಕೊಂಡರು. ಸರಪಳಿಯ ಎರಡು ತುದಿಯ ನಡುವೆ ಎರಡು ಬೀಗ, ಒಂದರೊಳಗೊಂದು ಸಿಕ್ಕಿಸಿದ್ದವು. ಒಂದು ಹಿತ್ತಾಳೆಯದು, ಒಂದು ಕಬ್ಬಿಣದ್ದು. ಯಾವುದನ್ನು ತೆಗೆದರೂ ಗೇಟು ತೆರೆಯುತ್ತದೆ.

ಮೂರನೇ ತರಗತಿಯಲ್ಲಿ ಟೀಚರ್ ಹೊರ್ತೆನ್ಸಿಯಾ ಒಬ್ಬರೇ ಕೂತು, ಬಾಳೆಎಲೆ ಬಿಚ್ಚಿ, ಬಿಸಿ ಪಾಚೆ ಕಡುಬು ತಿನ್ನುತ್ತಿದ್ದರು. ಅಂದು ಗುರುವಾರ. ನಮ್ಮ ಕಡೆ ಗುರುವಾರ ಆಲೂಗಡ್ಡೆಯ ಪಾಚೆ ತಿನ್ನದವರಿಲ್ಲ.

“ಕೂತ್ಕೊಳ್ಳಿ, ಕೂತ್ಕೊಳ್ಳಿ. ಒಂದು ತಗೊಳ್ತೀರಾ?”

“ತಗೊಳ್ತೀನಿ,” ಎಂದು ದೋನ್ಯಾ ಮಗುವಿನ ಬೆಂಚಿನ ಮೇಲೆ ಕೂತೇಬಿಟ್ಟರು. “ಎರಡು ಬೀಗ ಯಾಕಮ್ಮ ಗೇಟಿಗೆ?”

“ಅಯ್ಯೋ, ಅದೊಂದು ದೊಡ್ಡ ಜಗಳ! ಬೆಳಗಿನ ಶಾಲೆ ಹೆಡ್ ಮಾಸ್ತರು ಮಧ್ಯಾಹ್ನದ ಹೆಡ್ ಮಾಸ್ತರಿಗೆ ಕೀಲಿ ಕೊಡಲ್ಲ. ಇವರು ಅವರಿಗೆ ಕೊಡಲ್ಲ. ಚಾಕ್ ಪೀಸು ಕೂಡ ಬೇರೆ ಬೇರೆ ಕಪಾಟು. ಮಾತು ಬಿಟ್ಟು ವರ್ಷಗಳಾಯ್ತು. ಫುಟ್‌ಬಾಲ್ ಬಂದ್ರಂತೂ ಮಕ್ಕಳನ್ನೇ ಹಿಡಿಯೋಕಾಗಲ್ಲ.”

“ನೀವು ಯಾವ ಶಾಲೆಯವರು?”

“ನಾನಾ? ಬೆಳಿಗ್ಗೆ ಅಲ್ಲೂ, ಮಧ್ಯಾಹ್ನ ಇಲ್ಲೂ. ಬಾಡಿಗೆ ಕಟ್ಟಬೇಡ್ವಾ?”

“ಹೊಸ ಓದಿನ ಯೋಜನೆ ಬಂತಾ?”

“ಬಂತು. ಪುಣ್ಯಕ್ಕೆ ಎರಡಕ್ಕೂ ಬಂತು! ಬೆಳಿಗ್ಗೆ ಹೊಸ ಥರ, ಮಧ್ಯಾಹ್ನ ಹಳೇ ಥರ ಕಲಿಸು ಅಂದಿದ್ರೆ ನನ್ನ ತಲೆ ಒಡೆದುಹೋಗ್ತಿತ್ತು. ಆ ಡಾಕ್ಟರ್ ಬಂದಾಗ ಕೇಳಿಕೊಂಡೆ. ಹೆದರಬೇಡಿ ಟೀಚರ್, ಎರಡಕ್ಕೂ ಒಂದೇ ಚೀಟಿ ಅಂದ್ರು. ಒಳ್ಳೆ ಮನುಷ್ಯ.”

ದೋನ್ಯಾ ಬಾಯಿಗೆ ಹೋಗುತ್ತಿದ್ದ ಪಾಚೆಯನ್ನು ಕೆಳಗಿಟ್ಟರು. ಮುಖ ಬಿಳಿಚಿಕೊಂಡಿತ್ತು. ಅವರು ಹೆದರಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

“ಏನಾಯ್ತು, ದೋನ್ಯಾ?” ಕಾರಿನಲ್ಲಿ ಕೇಳಿದೆ. “ಕೊಮಾದ್ರೆ ಬಚಾವಾದರಾ?”

“ಅವಳು ಬಚಾವು ಅಂತ ಬೆಳಿಗ್ಗೆಯೇ ಗೊತ್ತಿತ್ತು. ಆದ್ರೆ ಇದು ಯಾರೋ ಗೊತ್ತಿಲ್ಲದೆ ಮಾಡಿದ ತಪ್ಪು ಅಂದ್ಕೊಂಡಿದ್ದೆ. ಅಲ್ಲ, ಸಿರಿಯಾಕೊ. ಡಾಕ್ಟರ್ ಎಲ್ಲ ಗೊತ್ತಿದ್ದೂ ಒಬ್ಬಳನ್ನ ಜೈಲಿಗೆ ಕಳಿಸೋಕೆ ಹೊರಟಿದ್ದಾರೆ. ನಾವು ತಡಮಾಡಿದ್ರೆ ನನ್ನ ಸಹಿ ಇಲ್ಲದೇನೇ ಕಾಗದ ಕಳಿಸಿಬಿಡ್ತಾರೆ.”

ಆ ಇಳಿಜಾರಿನಲ್ಲಿ ನಾನು ಎಂದೂ ಅಷ್ಟು ಜೋರಾಗಿ ಕಾರು ಓಡಿಸಿರಲಿಲ್ಲ. ಒಂದು ತಿರುವಿನಲ್ಲಿ ಕುರಿಗಳ ಮಂದೆ ಅಡ್ಡ ಬಂದು ನಿಂತಿತು. ಕುರಿ ಕಾಯುವವಳಿಗೆ ನಾನು ಆಡಿದ ಮಾತುಗಳನ್ನು ಇಲ್ಲಿ ಬರೆಯಲಾರೆ.

ಡಾಕ್ಟರ್ ಅರಿವಿಯಾಗ ಕಂಪ್ಯೂಟರ್ ಮುಂದೆ ಕೂತಿದ್ದರು. ಕಾಗದ ಸಿದ್ಧವಾಗಿತ್ತು, ಪೆನ್ನೂ ಸಿದ್ಧವಾಗಿತ್ತು.

“ಬಂದ್ರಾ? ನಾನು ಕಳಿಸಿಬಿಡೋಣ ಅಂತಿದ್ದೆ.”

“ಒಂದೇ ನಿಮಿಷ. ನಿಕೊಲಾಸಾಳನ್ನ ಕರೀರಿ. ಹೆರ್ಸೊನ್, ನೀನೂ ಬಾ. ಆ ಫೋಟೊ ತಾ.”

ಎಲ್ಲರೂ ಸೇರಿದರು. ನಿಕೊಲಾಸಾ ಗೋಡೆಗೆ ಒರಗಿ ನಿಂತಳು. ದೋನ್ಯಾ ಎರಡು ಫೋಟೊಗಳನ್ನು ಮೇಜಿನ ಮೇಲಿಟ್ಟರು.

“ಇದು ಏಳು, ಇದು ಇಪ್ಪತ್ತೆರಡು. ಹೆರ್ಸೊನ್, ಹಲಗೆ ನೋಡು. ಏಳರಲ್ಲಿ ಎಡಕ್ಕೆ ಜೋಳದ ಗಿಡ, ಅದರ ಮೇಲೆ ‘ಅಳಿಸಬೇಡಿ’. ಬಲಕ್ಕೆ ಗುಣಾಕಾರ. ಇಪ್ಪತ್ತೆರಡರಲ್ಲಿ?”

“ಎಡಕ್ಕೆ ಜೋಳದ ಗಿಡ. ಬಲಕ್ಕೆ ಗುಣಾಕಾರ, ಅದರ ಮೇಲೆ ‘ಅಳಿಸಬೇಡಿ’...” ಹೆರ್ಸೊನ್ ಎರಡೂ ಫೋಟೊ ಹತ್ತಿರಕ್ಕೆ ಎಳೆದುಕೊಂಡ. “ಗಿಡದ ಎಲೆ ಕೂಡ ಅದೇ! ಇದು ಒಂದೇ ಹಲಗೆ!”

“ಒಂದೇ ಹಲಗೆ, ಒಂದೇ ಕೋಣೆ, ಒಂದೇ ಟೀಚರ್. ಬೆಳಗಿನ ಮಕ್ಕಳು ಹೊರಡುವಾಗ ತಮ್ಮದನ್ನ ಅಳಿಸಬೇಡಿ ಅಂತ ಬರೀತಾರೆ, ಮಧ್ಯಾಹ್ನದ ಮಕ್ಕಳು ತಮ್ಮದನ್ನ. ನಮ್ಮ ದೇಶದ ಮಕ್ಕಳೆಲ್ಲ ಅರ್ಧ ಹಲಗೆ ಮೇಲೆ ಓದಿದವರೇ. ಅದಕ್ಕೇ ಯಾರ ಕಣ್ಣಿಗೂ ಬೀಳಲಿಲ್ಲ. ಇವಳು ದಿನಕ್ಕೆ ಎರಡು ಶಾಲೆ ಹೇಗೆ ಮುಗಿಸಿದಳು? ಬೆಳಗಿನ ಶಾಲೆ ಮುಗಿಸಿ, ಬೆಂಚಿನ ಮೇಲೆ ಕೂತು ರೊಟ್ಟಿ ತಿಂದು, ಅದೇ ಬೆಂಚಿನ ಮೇಲೆ ಮಧ್ಯಾಹ್ನದ ಶಾಲೆ ಮಾಡಿದಳು. ಹೌದೇನಮ್ಮ?”

“ಮತ್ತೆ? ಎರಡು ಶಾಲೆ ತಾನೇ,” ಎಂದಳು ನಿಕೊಲಾಸಾ. “ಹೆಸರು ಬೇರೆ, ಹೆಡ್ ಮಾಸ್ತರು ಬೇರೆ, ಯೂನಿಫಾರ್ಮು ಬೇರೆ. ನನ್ನ ಮೇಲೆ ಯಾವ ನಂಬರಿನ ತಪ್ಪು ಹೊರಿಸ್ತಿದ್ದಾರೆ ಅಂತ ನಂಗೆ ಯಾರು ಹೇಳಿದ್ರು?”

ನಾನು ಹಣೆ ಚಚ್ಚಿಕೊಂಡೆ. ನಾನೇ ಮಧ್ಯಾಹ್ನದ ಶಾಲೆಯಲ್ಲಿ ಓದಿದವನು. ಬೆಳಗಿನವರ ಮೇಲೆ ಕಲ್ಲು ತೂರಿದವನು. ಅದು ಬೇರೆ ಶಾಲೆ ಎಂದು ಈ ಹೊತ್ತಿಗೂ ನಂಬಿದ್ದವನು.

“ಹಾಗಾದ್ರೆ ಅಂಕ ಜೋಡಿಯಾಗಿ ಬಂದಿದ್ದು...” ಹೆರ್ಸೊನ್ ತಡವರಿಸಿದ.

“ಬರಲೇಬೇಕು. ಒಂದೇ ಮಡಕೆಯಿಂದ ಬೆಳಿಗ್ಗೆ ಒಂದಷ್ಟು ಚಮಚ, ಮಧ್ಯಾಹ್ನ ಒಂದಷ್ಟು ಚಮಚ. ನಕಲು ಮಾಡಿದ್ರೆ ಮಗು ಮಗು ಹೊಂದುತ್ತೆ. ಟೀಚರ್ ಒಬ್ಬರೇ ಆದ್ರೆ ತರಗತಿ ಹೊಂದುತ್ತೆ. ಇವಳ ಅಂಕ ಅಷ್ಟು ಶುದ್ಧವಾಗಿದ್ದಕ್ಕೇ ಒಂದೇ ಮಡಕೆ ಅನ್ನೋದು ಸಿಕ್ಕಿಬಿತ್ತು.”

“ಸಂತೋಷ!” ಡಾಕ್ಟರ್ ಥಟ್ಟನೆ ಎದ್ದರು. “ಎಂಥ ಪ್ರಮಾದ ಆಗ್ತಿತ್ತು! ಕಾಗದ ಹರಿದು ಹಾಕ್ತೀನಿ. ಇಲಾಖೆಯವರು ಎರಡು ನಂಬರ್ ಕೊಟ್ಟಿದ್ದಾರೆ, ನಾವು ಎರಡು ಅಂತ ಎಣಿಸಿದ್ವಿ. ಯಾರದೂ ತಪ್ಪಿಲ್ಲ.”

“ಕೂತ್ಕೊಳ್ಳಿ, ಡಾಕ್ಟರೇ.”

ಅವರು ಕೂರಲಿಲ್ಲ.

“ಇವಳು ಎರಡು ಅಂತ ನಂಬಿದ್ದಳು. ಇಲಾಖೆ ನಂಬಿದೆ. ಹೆರ್ಸೊನ್‌ಗೆ ನಂಬರ್ ಬಿಟ್ಟು ಏನೂ ಗೊತ್ತಿಲ್ಲ. ನೀವೂ ಮೂವತ್ತು ಅಂತ ನಂಬಿದ್ರೆ ಮೂವತ್ತು ಚೀಟಿ ಎತ್ತಿರ್ತಿದ್ರಿ. ಆಗ ಹದಿನೈದು ಜೋಡೀಲಿ ಎಷ್ಟೋ ಜೋಡಿ ಒಡೆದುಹೋಗ್ತಿದ್ವು— ಬೆಳಗಿನದಕ್ಕೆ ಸಿಕ್ಕಿ, ಮಧ್ಯಾಹ್ನದ್ದಕ್ಕೆ ಸಿಗದೆ. ಒಂದೂ ಒಡೆದಿಲ್ಲ. ಮೂವತ್ತನ್ನ ಸಮ ಪಾಲು ಮಾಡಬಹುದು, ಹದಿನೈದನ್ನ ಮಾಡೋಕಾಗಲ್ಲ. ಎಂಟು ಕಟ್ಟಡ, ಏಳು ಕಟ್ಟಡ. ಅದನ್ನ ಎರಡರಿಂದ ಗುಣಿಸಿದ್ರೆ ಹದಿನಾರು, ಹದಿನಾಲ್ಕು. ಆ ಎರಡು ಅಂಕಿ ಬೆಳಗಿನಿಂದ ಎಲ್ಲರ ಎದುರಿಗೇ ಇತ್ತು.” ದೋನ್ಯಾರ ದನಿ ತಣ್ಣಗಿತ್ತು. “ಚೀಟಿ ಎತ್ತುವಾಗ ಹದಿನೈದು. ಹಣ ಕೇಳುವಾಗ ಮೂವತ್ತು. ಹೆರ್ಸೊನ್‌ನ ಮೇಲ್ ಹೋದ ಮೇಲೆ ಅವರು ಜೋಡಿ ಯಾಕೆ ಅಂತ ಕೇಳೇ ಕೇಳ್ತಾರೆ. ನಿಜ ಹೇಳಿದ್ರೆ ನಿಮ್ಮ ತಲೆ ಹೋಗುತ್ತೆ. ಹಾಗಾಗಿ ಇವಳ ತಲೆ ಕೊಟ್ರಿ. ಕಳ್ಳರು ನೀವು, ಡಾಕ್ಟರೇ. ಹೊರ್ತೆನ್ಸಿಯಾ ಟೀಚರಿಗೆ ನೀವೇ ಹೇಳಿದ್ರಂತಲ್ಲ, ಎರಡಕ್ಕೂ ಒಂದೇ ಚೀಟಿ ಅಂತ?”

ಡಾಕ್ಟರ್ ಅರಿವಿಯಾಗ ನಿಧಾನವಾಗಿ ಕುರ್ಚಿಗೆ ಕುಸಿದರು. ನುಣುಪು ದನಿ ಒಡೆದಿತ್ತು.

“ಹದಿನೈದು ಅಂದಿದ್ರೆ ಹಣ ಕೊಡೋರು ಬರ್ತಾನೇ ಇರಲಿಲ್ಲ. ಇನ್ನೂ ಹದಿನೈದು ಊರಿಗೆ ಹೋಗೋಕೆ ನಮ್ಮ ಹತ್ರ ಜೀಪೂ ಇಲ್ಲ, ಜನಾನೂ ಇಲ್ಲ. ಆ ಮಕ್ಕಳಿಗೆ ಪುಸ್ತಕ ಸಿಕ್ಕಿದ್ದು ನಿಜ ತಾನೇ? ಓದ್ತಿರೋದು ನಿಜ ತಾನೇ?”

“ಅದಕ್ಕೆ ನನ್ನ ಹೆಸರು ಯಾಕೆ?” ನಿಕೊಲಾಸಾ ಗೋಡೆ ಬಿಟ್ಟು ಮುಂದೆ ಬಂದಳು. “ಬೆಳಿಗ್ಗೆ ಈ ಕೋಣೇಲಿ, ಬಾಗಿಲು ತೆಗೆದಿಟ್ಟು, ಕಾಫಿ ಮಾಡೋ ಅಕ್ಕನಿಗೂ ಕೇಳೋ ಹಾಗೆ ಸುಳ್ಳಿ ಅಂದ್ರಿ. ಈಗ ಬಾಗಿಲು ತೆಗೀರಿ. ಅಷ್ಟೇ ಜೋರಾಗಿ ವಾಪಸ್ ತಗೊಳ್ಳಿ.”

ಹೆರ್ಸೊನ್ ಎದ್ದು ಹೋಗಿ ಬಾಗಿಲು ತೆರೆದ. ಡಾಕ್ಟರ್ ತಲೆ ತಗ್ಗಿಸಿಕೊಂಡು, ಅವಳು ಸುಳ್ಳು ಹೇಳಿಲ್ಲ ಎಂದರು.

“ಕೇಳಿಸ್ಲಿಲ್ಲ,” ಎಂದಳು ನಿಕೊಲಾಸಾ.

ಡಾಕ್ಟರ್ ತಲೆ ಎತ್ತಿ, ಗಂಟಲು ಸರಿಮಾಡಿಕೊಂಡು ಮತ್ತೆ ಹೇಳಿದರು. ಈ ಸಲ ಅಡುಗೆಕೋಣೆಯ ಪಾತ್ರೆ ಸದ್ದೂ ನಿಂತಿತು. ದೋನ್ಯಾ ಆ ಸಹಿಯ ಕಾಗದವನ್ನು ಮಗುಚಿ, ಹಿಂಭಾಗದಲ್ಲಿ ತಮ್ಮ ಸೋರುವ ಪೆನ್ನಿನಿಂದಲೇ ನಡೆದದ್ದನ್ನೆಲ್ಲ ಬರೆದು, ಹಣ ಕೊಟ್ಟವರಿಗೆ ಕಳಿಸುವಂತೆ ಹೆರ್ಸೊನ್ ಕೈಗೆ ಕೊಟ್ಟರು. ಡಾಕ್ಟರ್ ತಡೆಯಲಿಲ್ಲ.

ಹೊರಗೆ ಬಂದ ಮೇಲೆ ನಿಕೊಲಾಸಾ ಕೇಳಿದಳು. “ದೋನ್ಯಾ, ಆರುನೂರು ಮಕ್ಕಳು ಓದೋದನ್ನ ಕೂತು ಕೇಳಿದ್ದೀನಿ. ಆ ಹೊಸ ಪುಸ್ತಕದಿಂದ ಅವರಿಗೆ ಉಪಯೋಗ ಆಯ್ತಾ, ಇಲ್ವಾ?”

ದೋನ್ಯಾ ಕನ್ನಡಕ ತೆಗೆದು ಒರೆಸಿದರು. “ಗೊತ್ತಿಲ್ಲಮ್ಮ. ಆಗಿಲ್ಲ ಅಂತ ಅಲ್ಲ. ಹದಿನೈದು ಮಡಕೆಯಿಂದ ಕಾಣಲ್ಲ, ಅಷ್ಟೇ. ಇನ್ನೂ ಹದಿನೈದು ಊರು ಬೇಕು. ನಿಜವಾದ ಹದಿನೈದು.”

ಅವಳು ನನ್ನ ಕಡೆ ತಿರುಗಿದಳು.

“ಕಂಪಾದ್ರೆ, ನೀವೂ ನನ್ನನ್ನ ಅನುಮಾನಿಸಿದ್ರಿ, ಅಲ್ವಾ?”

ಸುಳ್ಳು ಹೇಳಲು ಬಾಯಿ ತೆರೆದೆ. ಬೆಳಗಿನಿಂದ ಸುಳ್ಳು ಸಾಕಾಗಿಹೋಗಿತ್ತು.

“ಪಾಚುಲ್ ಮುಟ್ಟೋವರೆಗೂ,” ಎಂದೆ. ಕಣ್ಣು ತುಂಬಿಬಂತು.

ಅವಳು ನನ್ನನ್ನೇ ದಿಟ್ಟಿಸಿ ನೋಡಿದಳು. ಕಾರಿನ ಮುಂದಿನ ಬಾಗಿಲು ತೆಗೆದು, ನನ್ನ ಪಕ್ಕದ ಸೀಟಿನಲ್ಲಿ ಕೂತು, ಚೀಲವನ್ನು ಮಡಿಲಲ್ಲಿಟ್ಟುಕೊಂಡಳು.

“ಆ ಹದಿನೈದು ಊರಿಗೆ ನಾನು ಬಸ್ಸಲ್ಲಿ ಹೋಗಲ್ಲ,” ಎಂದಳು. “ನೀವೇ ಕರ್ಕೊಂಡು ಹೋಗಬೇಕು.”